ಇಲ್ಲದ ಪಳೆಯುಳಿಕೆಯಿಂದ ಬೆಟ್ಟ ಉಳಿಯದು

ಮಂಡಿಕಲ್ ಸೀಮೆಯ ಕಾಲೇಜು ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಕಲ್ಲು ತಂದು ತೋರಿಸಿದ. ಬಂಡೆ ಸೀಳಿದ ಜಾಗದಲ್ಲಿ ಸಿಕ್ಕಿದ್ದು. ಸೀಳಿದ ಮುಖದ ಮೇಲೆ ಜರೀಗಿಡದ ಎಲೆಯನ್ನು ಅಚ್ಚೊತ್ತಿದಂತಹ ಕಪ್ಪು ಚಿತ್ತಾರ. ‘ಇದು ಪಳೆಯುಳಿಕೆಯೇ?’ ಎಂಬುದು ಅವನ ಪ್ರಶ್ನೆ. ‘ಪಳೆಯುಳಿಕೆಯೇ ಸರಿ, ಮನವಿಗೆ ಲಗತ್ತಿಸೋಣ, ಕಲ್ಲುಗಣಿಗಾರಿಕೆ ತಾನಾಗಿ ನಿಲ್ಲುತ್ತದೆ’ ಎಂಬುದು ನಮ್ಮ ಕೆಲವು ಸಂಗಾತಿಗಳ ತೀರ್ಪು. ಹುಡುಗನ ಪ್ರಶ್ನೆಯನ್ನು ಗೌರವಿಸುತ್ತೇನೆ. ಸಂಗಾತಿಗಳ ತೀರ್ಪನ್ನು ಒಪ್ಪಲಾರೆ.

ಪಳೆಯುಳಿಕೆ ಹುಡುಕುವವರು ಮೊದಲು ಕೇಳಬೇಕಾದದ್ದು ಕಲ್ಲಿನ ಜಾತಿಯನ್ನು. ನಮ್ಮ ಬೆಟ್ಟಗಳು ಗ್ರಾನೈಟ್ ಮತ್ತು ನೈಸ್ ಶಿಲೆಗಳವು. ಗ್ರಾನೈಟ್ ನೆಲದಾಳದಲ್ಲಿ ಶಿಲಾಪಾಕವು ನಿಧಾನವಾಗಿ ತಣಿದು ಗಟ್ಟಿಯಾದದ್ದು. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದ ಮೇಲೆ ಸಸ್ಯಗಳು ಬೇರೂರಿದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ. ಇನ್ನೂ ಹುಟ್ಟದಿದ್ದ ಗಿಡದ ಎಲೆ ಕುದಿಯುವ ಶಿಲಾಪಾಕದಲ್ಲಿ ಅಚ್ಚಾಗುವುದೆಂತು? ಬಿರುಕಿಗೆ ಇಳಿದ ನೀರು ಹೊತ್ತು ತಂದ ಮ್ಯಾಂಗನೀಸ್ ಹಾಗೂ ಕಬ್ಬಿಣದ ಆಕ್ಸೈಡುಗಳು ಕವಲೊಡೆದು ಬೆಳೆದ ಚಿತ್ತಾರವದು. ಅದಕ್ಕೆ ಡೆಂಡ್ರೈಟ್ ಎಂದು ಹೆಸರು. ಎಲೆಯಾಗಿದ್ದರೆ ನಡುನರ ಇರುತ್ತಿತ್ತು. ಇಲ್ಲಿ ಕವಲುಗಳು ಬಿರುಕಿನ ಅಂಚಿನಿಂದಲೇ ಹೊರಟಿವೆ.

ಹಾಗೆಂದು ಕರ್ನಾಟಕದ ನೆಲ ಬರಡಲ್ಲ. ಗೋಕಾಕದ ಬಳಿ ದೊರೆತ ಘೇಂಡಾಮೃಗದ ಪಳೆಯುಳಿಕೆಯನ್ನು ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿಯೇ ವರ್ಣಿಸಿದ್ದರು. ಚಿತ್ರದುರ್ಗ ಸೀಮೆಯ ಪ್ರಾಚೀನ ಸುಣ್ಣಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಟೊಲೈಟ್ ಪದರಗಳಿವೆ. ಅವು ಇರುವುದು ಇರಬಹುದಾದ ಕಲ್ಲುಮಣ್ಣಿನಲ್ಲಿ.

ತಪ್ಪಾಗಿ ಗುರುತಿಸುವುದು ಅವಮಾನವೂ ಅಲ್ಲ. ಮಧ್ಯಪ್ರದೇಶದ ಭೀಮಬೇಟ್ಕಾ ಗುಹೆಯ ಗೋಡೆಯಲ್ಲಿ ಸುಮಾರು 55 ಕೋಟಿ ವರ್ಷ ಹಳೆಯ ‘ಡಿಕಿನ್ಸೋನಿಯಾ’ ಜೀವಿಯ ಗುರುತಿದೆಯೆಂದು 2021ರಲ್ಲಿ ವಿಜ್ಞಾನಿಗಳೇ ಪ್ರಕಟಿಸಿದರು. 2023ರಲ್ಲಿ ಮತ್ತೊಂದು ತಂಡ ಅದು ಕಳಚಿಹೋದ ಜೇನುಗೂಡಿನ ಕಲೆಯೆಂದು ತೋರಿಸಿತು. ಮೊದಲ ತಂಡದ ಮುಖ್ಯಸ್ಥ ಗ್ರೆಗರಿ ರೆಟಲಾಕ್ ತಪ್ಪನ್ನು ಒಪ್ಪಿಕೊಂಡರು. ಅವಮಾನವಿರುವುದು ತಿಳಿದ ಮೇಲೂ ಸಾಧಿಸುವುದರಲ್ಲಿ.

ನಮ್ಮ ಮನವಿಯಲ್ಲಿ ಇಂತಹ ಸುಳ್ಳೊಂದು ಸೇರಿದರೆ ಆಗುವುದೇನು? ಭೂವಿಜ್ಞಾನ ಬಲ್ಲ ಯಾವ ಅಧಿಕಾರಿಯಾದರೂ ನಿಮಿಷದಲ್ಲಿ ಅದನ್ನು ತಳ್ಳಿಹಾಕಬಲ್ಲರು. ಅದರೊಂದಿಗೆ ನಮ್ಮ ನಿಜಗಳೂ ಕಸದಬುಟ್ಟಿ ಸೇರುತ್ತವೆ. ಇನ್ನೂ ದೊಡ್ಡ ಅಪಾಯವೊಂದಿದೆ: ಪಳೆಯುಳಿಕೆ ಇದ್ದರಷ್ಟೇ ಬೆಟ್ಟಕ್ಕೆ ಬೆಲೆ ಎಂದು ನಾವೇ ಬರೆದುಕೊಟ್ಟಂತಾಗುತ್ತದೆ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸಿಡಿದು ಆರು ಜನ ಸತ್ತದ್ದು ಸಾಕ್ಷಿಯಲ್ಲವೇ? ಕ್ರಷರ್ ದೂಳು ಕೂತ ಹಿಪ್ಪುನೇರಳೆ ಸೊಪ್ಪು ರೇಷ್ಮೆಹುಳುವಿಗೆ ಆಗದೆಂಬುದು, ಬೆಟ್ಟದ ನೀರು ಹರಿಯುವ ಕಾಲುವೆ ಮುಚ್ಚಿದರೆ ಕೆರೆ ತುಂಬದೆಂಬುದು ಸಾಕ್ಷಿಯಲ್ಲವೇ? ಚಿತ್ರಾವತಿ, ಪಿನಾಕಿನಿಗಳು ಹುಟ್ಟುವ ಈ ಜಿಲ್ಲೆಯ ಬೆಟ್ಟಗಳಿಗೆ ಎರವಲು ಒಡವೆ ಬೇಕಿಲ್ಲ.

ವಿದ್ಯಾರ್ಥಿಗಳೇ, ವಿಚಿತ್ರ ಕಲ್ಲು ಕಂಡರೆ ಒಡೆಯಬೇಡಿ, ಉಜ್ಜಬೇಡಿ. ಪಕ್ಕದಲ್ಲೊಂದು ನಾಣ್ಯವಿಟ್ಟು ಚಿತ್ರ ತೆಗೆಯಿರಿ, ಸಿಕ್ಕ ಜಾಗವನ್ನು ಬರೆದಿಡಿ, ಭೂವಿಜ್ಞಾನದ ಅಧ್ಯಾಪಕರಿಗೆ ತೋರಿಸಿ. ‘ಅಲ್ಲ’ ಎಂಬ ಉತ್ತರವೂ ಜ್ಞಾನವೇ. ಸಂಗಾತಿಗಳೇ, ಗಣಿಯವರ ಸುಳ್ಳಿಗೆ ನಮ್ಮ ಸುಳ್ಳು ಮದ್ದಲ್ಲ. 250 ಕೋಟಿ ವರ್ಷದ ಬಂಡೆಯನ್ನು ಬಂಡೆಯೆಂದೇ ಕರೆದು ಉಳಿಸಿಕೊಳ್ಳೋಣ.