ಹಸುವಿಗಾದ್ರೆ ಸರ್ಟಿಫಿಕೇಟು, ನಮಗಾದ್ರೆ ಅರಿಶಿನ

ಹಸು ಸತ್ತರೆ ನಮ್ಮ ಕಡೆ ಏನೇನ್ ಮಾಡ್ತಾರೆ ಅಂತ ನಿಮಗೇ ಗೊತ್ತು. ಕಿವಿ ಓಲೆ ಕಾಣೋ ಹಂಗೆ ಫೋಟೋ ತೆಗೀತಾರೆ, ದನದ ಡಾಕ್ಟ್ರನ್ನ ಕರೆಸಿ ಸರ್ಟಿಫಿಕೇಟ್ ಬರೆಸ್ತಾರೆ, ಡೈರಿ ಸೆಕ್ರೆಟ್ರಿ ಮನೆಗೆ ನಾಲ್ಕು ಸಲ ಅಲೀತಾರೆ, ವಿಮೆ ದುಡ್ಡು ಬರೋ ತನಕ ಬಿಡಲ್ಲ. ಹೈವೇಲಿ ಬೈಕ್ ತಗುಲಿ ಯಾರದಾದ್ರೂ ಕಾಲು ಮುರಿದ್ರೆ ಊರಿಗೂರೇ ಲಾಯರ್ ಆಗುತ್ತೆ. ‘ಮೊದ್ಲು ಕಂಪ್ಲೇಂಟ್ ಕೊಡ್ರಿ, ಗಾಡಿ ನಂಬರ್ ಬರ್ಕೊಳ್ರಿ, ಕ್ಲೇಮ್ ಆಗುತ್ತೆ.’ ಅದೇ ಹಾಲು ಹಾಕಕ್ಕೆ ಹೋದ ಹೆಂಗಸಿನ ಮೀನಖಂಡಕ್ಕೆ ನಾಯಿ ಬಾಯಿ ಹಾಕಿದ್ರೆ? ಒಸಿ ಅರಿಶಿನ ಮೆತ್ಕೊ, ಸೂಜಿ ಹಾಕಿಸ್ಕೊ, ಸುಮ್ನಿರು.

ಈ ‘ಸುಮ್ನಿರು’ ಅನ್ನೋದ್ರ ಮೇಲೇ ನನ್ನ ಸಿಟ್ಟು. ನಾಯಿ ಮೇಲಲ್ಲ.

ನಮ್ಮ ಕಡೆ ಒಬ್ಬ ಅತ್ತಿಗೆಗೆ ಆಗಿದ್ದು ಹೇಳ್ತೀನಿ, ಹೆಸರು ಬೇಡ. ಬೆಳಗಿನ ಜಾವ ಕ್ಯಾನ್ ಹಿಡ್ಕೊಂಡು ಡೈರಿಗೆ ಹೋಗ್ತಿದ್ರು. ತೆಂಗಿನ ತೋಟ ಕಾಯೋ ನಾಯಿ, ಸರಪಳಿ ಇಲ್ಲ, ಬೇಲಿ ಹಾರಿ ಬಂದು ಹಿಡೀತು. ಯಜಮಾನ್ರು ಏನಂದ್ರು ಗೊತ್ತಾ? ‘ನಮ್ದು ಕಚ್ಚೋ ನಾಯಲ್ಲ, ಆಯಮ್ಮನೇ ಕ್ಯಾನ್ ಬೀಸಿರ್ಬೇಕು.’ ಸಾಯಂಕಾಲ ಜಗಲಿ ಮೇಲೆ ನಾಲ್ಕು ಜನ ಕೂತು ರಾಜಿ ಮಾಡಿದ್ರು, 1,000 ರೂಪಾಯಿ. ಕಚ್ಚಿಸ್ಕೊಂಡವರು ಒಳಗೆ ಮಂಚದ ಮೇಲೆ ಮಲಗಿದ್ರು. ಅವರನ್ನ ಒಂದು ಮಾತು ಕೇಳಿದವರಿಲ್ಲ. ದುಡ್ಡು ಗಂಡನ ಜೇಬಿಗೆ ಹೋಯ್ತು.

ಆಮೇಲೆ ಅತ್ತಿಗೆಗೆ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯಕ್ಕೆ 20 ದಿನ ಆಗ್ಲಿಲ್ಲ. ಸೂಜಿ ಮೊದಲ ದಿನ, 3ನೇ ದಿನ, 7ನೇ ದಿನ, 28ನೇ ದಿನ. ಗಾಯ ಆಳವಾಗಿತ್ತು ಅಂತ ಗಾಯದ ಸುತ್ತ ಹಾಕೋ ಇಮ್ಯುನೊಗ್ಲಾಬುಲಿನ್‌ಗೆ ಚನ್ನರಾಯಪಟ್ಟಣಕ್ಕೆ ಓಡಾಟ. ಪ್ರತಿ ಸಲ ಜೊತೇಲಿ ಒಬ್ಬರು, ಅವರ ಕೂಲಿಯೂ ಹೋಯ್ತು. ಸೂಜಿ ಸರ್ಕಾರಿ ಆಸ್ಪತ್ರೇಲಿ ಬಿಟ್ಟಿ, ಸರಿ. ಬಸ್ಸು, ಆಟೋ, ಹೋದ ದಿನಗಳು ಬಿಟ್ಟಿಯಲ್ವಲ್ಲ. 2025ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದನ್ನೇ ಹಿಡಿದ್ರೂ 20 ದಿನಕ್ಕೆ 7,400. ಜಗಲಿ ಮೇಲಿನ ಹಿರೀಕರಿಗೆ ಈ ಗುಣಾಕಾರ ಬರ್ಲಿಲ್ವಾ? ಎಳನೀರು ವ್ಯಾಪಾರ ಮಾಡ್ವಾಗ ಚೆನ್ನಾಗೇ ಬರುತ್ತೆ.

‘ಅವಳೇನು ಕೂಲಿಗೆ ಹೋಗ್ತಿದ್ಲಾ, ಮನೇಲಿ ಇದ್ಲು’ ಅನ್ನೋರೂ ಇದಾರೆ. ಅವರಿಗೆ ಹೇಳಿ: 2021ರ ಜನವರೀಲಿ ಸುಪ್ರೀಂ ಕೋರ್ಟು ಒಂದು ರಸ್ತೆ ಅಪಘಾತದ ಕೇಸಲ್ಲಿ, ಮನೆಕೆಲಸ ಮಾಡೋ ಹೆಂಗಸಿನ ದುಡಿಮೆಗೂ ಆದಾಯ ಅಂತ ಲೆಕ್ಕ ಕಟ್ಟಿ ಪರಿಹಾರ ಕೊಡ್ಬೇಕು ಅಂದಿದೆ. ಮುದ್ದೆ ಬೇಯಿಸೋದು, ಕೊಟ್ಟಿಗೆ ಬಳಿಯೋದು, ಮಕ್ಕಳನ್ನ ಸ್ಕೂಲಿಗೆ ಕಳಿಸೋದು ಎಲ್ಲಕ್ಕೂ ಬೆಲೆ ಇದೆ ಅಂತ ಕೋರ್ಟು ಒಪ್ಪುತ್ತೆ. ಒಪ್ಪದೇ ಇರೋದು ನಮ್ಮ ಜಗಲಿ.

ಇನ್ನೊಂದು ಮಾತು, ‘ಮೂಕ ಪ್ರಾಣಿ ಮೇಲೆ ಕೇಸಾ?’ ಅಂತಾರೆ. ನಾಯಿ ಮೇಲೆ ಯಾರೂ ಕೇಸ್ ಹಾಕಲ್ಲ ಕಣ್ರೀ. ಅದನ್ನ ಕಟ್ಟಿ ಹಾಕ್ದೆ ಬಿಟ್ಟ ಮನುಷ್ಯನ ಮೇಲೆ. ಭಾರತೀಯ ನ್ಯಾಯ ಸಂಹಿತೆ 291ನೇ ಕಲಂ ಇದಕ್ಕೇ ಇರೋದು. ತನ್ನ ಹತ್ರ ಇರೋ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯ ಆಗದ ಹಂಗೆ ನೋಡ್ಕೊಳ್ದೆ ನಿರ್ಲಕ್ಷ್ಯ ಮಾಡಿದವರಿಗೆ 6 ತಿಂಗಳ ತನಕ ಜೈಲು, ಇಲ್ಲಾ 5,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಪೊಲೀಸ್ನೋರು ಎಫ್‌ಐಆರ್ ಹಾಕಬಹುದಾದ ಅಪರಾಧ. ನಮ್ಮ ಹಿರೀಸಾವೇಲೇ ಸ್ಟೇಷನ್ ಇದೆ, ದೂರ ಹೋಗ್ಬೇಕಿಲ್ಲ. ಇದು ಶಿಕ್ಷೆ ಕಡೆಯ ದಾರಿ. ಪರಿಹಾರಕ್ಕೆ ಸಿವಿಲ್ ದಾವೆ ಬೇರೆ. ಅದರಲ್ಲಿ ಔಷಧಿ, ಓಡಾಟ, ಹೋದ ಕೂಲಿ, ಪಟ್ಟ ನೋವು, ಉಳಿದ ಕಲೆ ಎಲ್ಲಾನೂ ಕೇಳಬಹುದು.

ಲಾಯರ್ ಫೀಸ್ ಯಾರ್ ಕೊಡ್ತಾರೆ ಅಂತೀರಾ? ಇದನ್ನ ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಟ್ಟಿಲ್ಲ, ಅದಕ್ಕೇ ನನಗೆ ಹೊಟ್ಟೆ ಉರಿಯೋದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ವಕೀಲರ ಸಹಾಯ ಉಚಿತ. ಬಡವಿ ಆಗಿರ್ಬೇಕು, ಕಾರ್ಡ್ ಇರ್ಬೇಕು ಅಂತಿಲ್ಲ. ಹೆಂಗಸಾಗಿದ್ರೆ ಸಾಕು. ಚನ್ನರಾಯಪಟ್ಟಣ ಕೋರ್ಟಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಹಾಸನದಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಫೋನಲ್ಲಿ ಕೇಳೋದಾದ್ರೆ 15100.

‘ನೆರೆಹೊರೆ ಕೆಡುತ್ತೆ’ ಅನ್ನೋ ಮಾತನ್ನ ಮಾತ್ರ ನಾನು ತಳ್ಳಿ ಹಾಕಲ್ಲ. ನಾಳೆ ಅವರ ತೋಟದ ಬದು ಮೇಲೇ ನಾವು ಓಡಾಡ್ಬೇಕು, ಅವರ ಮನೆ ಮದುವೆಗೆ ಹೋಗ್ಬೇಕು, ನಿಜ. ಹಂಗಾದ್ರೆ ರಾಜಿನೇ ಆಗ್ಲಿ, ಆದ್ರೆ ಲೋಕ ಅದಾಲತ್‌ನಲ್ಲಿ ಆಗ್ಲಿ. ಕೇಸ್ ಹಾಕೋಕೆ ಮುಂಚೇನೇ ಅಲ್ಲಿಗೆ ಹೋಗಬಹುದು, ಕೋರ್ಟ್ ಫೀಸ್ ಇಲ್ಲ. ಇಬ್ಬರೂ ಒಪ್ಪಿ ಸಹಿ ಹಾಕಿದ ಮೇಲೆ ಅದು ಕೋರ್ಟಿನ ಡಿಕ್ರಿಗೆ ಸಮ, ಅಪೀಲು ಇಲ್ಲ. ‘ನಾಳೆ ಕೊಡ್ತೀನಿ, ಕೊಬ್ಬರಿ ಮಾರಿದ್ಮೇಲೆ ಕೊಡ್ತೀನಿ’ ಅನ್ನೋ ಆಟ ನಡೆಯಲ್ಲ. ಮುಖ್ಯವಾಗಿ ಅಲ್ಲಿ ಕಚ್ಚಿಸ್ಕೊಂಡವಳನ್ನೇ ಕೇಳ್ತಾರೆ, ಅವಳೇ ಸಹಿ ಹಾಕ್ಬೇಕು. ನೆರೆಹೊರೆ ಉಳಿಸೋ ಭಾರ ಯಾವಾಗಲೂ ಗಾಯ ಆದವಳ ತಲೆ ಮೇಲೇ ಯಾಕೆ? ಐವತ್ತು ರೂಪಾಯಿ ಸರಪಳಿ ಹಾಕ್ದೆ ಇದ್ದವರ ಮೇಲೆ ಒಸಿನೂ ಬೇಡ್ವಾ?

ಇನ್ನು ಬೀದಿನಾಯಿ. ಯಜಮಾನ್ರಿಲ್ಲ ಅಂತ ಎಲ್ಲರೂ ಕೈ ಚೆಲ್ತಾರೆ. ಯಾಕಿಲ್ಲ, ಸ್ಥಳೀಯ ಸಂಸ್ಥೆ ಇದೆ. 2023ರ ಎಬಿಸಿ ನಿಯಮಗಳ ಪ್ರಕಾರ ಬೀದಿನಾಯಿ ಹಿಡಿದು ಮರಿ ಆಗದಂಗೆ ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸೋ ಕೆಲಸ ಅದರದ್ದು. ಆ ಕೆಲಸ ಮಾಡ್ದೆ, ಊರಲ್ಲಿ ಗಲಾಟೆ ಎದ್ದಾಗ ರಾತ್ರೋರಾತ್ರಿ ವಿಷ ಹಾಕಿಸೋದು ಕೆಲವು ಕಡೆ ನಡೆದಿದೆ. ಅದು ಅಪರಾಧ, ಅದರಿಂದ ನಿಮ್ಮ ಕಾಲಿನ ಗಾಯಕ್ಕೆ ಒಂದು ಪೈಸೆಯೂ ಬರಲ್ಲ. 2024 ಒಂದೇ ವರ್ಷ ದೇಶದಲ್ಲಿ 37 ಲಕ್ಷಕ್ಕೂ ಮೇಲೆ ನಾಯಿ ಕಡಿತ ದಾಖಲಾಗಿದೆ. ಅರಿಶಿನ ಹಚ್ಕೊಂಡು ಮನೇಲೇ ಕೂತವರು ಆ ಲೆಕ್ಕದಲ್ಲೇ ಇಲ್ಲ.

2025ರ ನವೆಂಬರಲ್ಲಿ ನಮ್ಮ ರಾಜ್ಯ ಸರ್ಕಾರ ಬೀದಿನಾಯಿ ಕಡಿತಕ್ಕೆ 5,000 ರೂಪಾಯಿ ಅಂತ ಆದೇಶ ಮಾಡ್ತು. ಅದರಲ್ಲಿ 3,500 ಕೈಗೆ, 1,500 ಚಿಕಿತ್ಸೆ ಬಾಬ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ. ಚರ್ಮ ತೂತಾಗಿರ್ಬೇಕು, ಕಪ್ಪು-ನೀಲಿಗಟ್ಟಿರ್ಬೇಕು, ಸೀಳಿರ್ಬೇಕು, ಹಲವು ಕಡೆ ಕಚ್ಚಿರ್ಬೇಕು, ಹಿಂಗೆಲ್ಲ ವಿವರ ಇದೆ. ಜೀವ ಹೋದ್ರೆ ಮನೆಯವರಿಗೆ 5 ಲಕ್ಷ. ಕೈಗೆ ಬರೋ 3,500 ಅಂದ್ರೆ ಒಂಬತ್ತು ದಿನದ ನರೇಗಾ ಕೂಲಿ. ಪಂಜಾಬ್-ಹರಿಯಾಣ ಹೈಕೋರ್ಟು 2023ರ ನವೆಂಬರಲ್ಲಿ ಏನಂತು ನೋಡಿ: ಒಂದೊಂದು ಹಲ್ಲಿನ ಗುರುತಿಗೆ ಕಡಿಮೆ ಅಂದ್ರೂ 10,000, ಮಾಂಸ ಕಿತ್ತು ಬಂದಿದ್ರೆ 0.2 ಸೆಂಟಿಮೀಟರಿಗೆ 20,000. ಕೇರಳದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು ಜಸ್ಟಿಸ್ ಸಿರಿ ಜಗನ್ ಸಮಿತಿ ಮಾಡಿ, ಅರ್ಜಿಗಳನ್ನ ಒಂದೊಂದಾಗಿ ನೋಡೋ ವ್ಯವಸ್ಥೆ ಮಾಡ್ತು. ಅಲ್ಲಿನ ತೀರ್ಪು ನಮ್ಮ ಪಂಚಾಯ್ತಿಯನ್ನ ಕಟ್ಟಿ ಹಾಕಲ್ಲ, ಒಪ್ತೀನಿ. ಆದ್ರೆ ಹಲ್ಲು ಎಲ್ಲಾ ಕಡೆ ಅಷ್ಟೇ ಆಳಕ್ಕೆ ಇಳಿಯುತ್ತೆ. ಐದು ಸಾವಿರ ಕಡಿಮೆ ಅನ್ನೋರು ಹೈಕೋರ್ಟಿಗೂ ಹೋಗಬಹುದು.

‘ಅಷ್ಟಕ್ಕೆ ಇಷ್ಟು ಓಡಾಟವಾ’ ಅಂತ ಬಿಡ್ಬೇಡಿ. ಅರ್ಜಿ ಬರದೇ ಇದ್ರೆ ಪಂಚಾಯ್ತಿ ಪುಸ್ತಕದಲ್ಲಿ ನಮ್ಮೂರಲ್ಲಿ ನಾಯಿ ಕಚ್ಚೇ ಇಲ್ಲ ಅಂತಾಗುತ್ತೆ. ಹತ್ತು ಅರ್ಜಿ ಮೇಜಿನ ಮೇಲೆ ಬಿದ್ರೆ ಆಪರೇಷನ್ ಮಾಡ್ಸೋದು ಅಗ್ಗ ಅಂತ ಅವರಿಗೇ ಗೊತ್ತಾಗುತ್ತೆ. ಪಿಡಿಒ ‘ಇದು ಟೌನಿನೋರಿಗಮ್ಮ, ನಿಮಗಲ್ಲ’ ಅಂದ್ರೆ ಜಗಳ ಆಡ್ಬೇಡಿ. ‘ಆ ಮಾತನ್ನೇ ಬರೆದು ಸೀಲು ಹಾಕಿ ಕೊಡಿ ಸಾರ್’ ಅನ್ನಿ. ಆ ಕಾಗದ ಕಾನೂನು ಸೇವಾ ಸಮಿತಿಗೆ ಬೇಕಾಗುತ್ತೆ.

ಎಲ್ಲಕ್ಕೂ ಮುಂಚೆ ಜೀವ. ಕಚ್ಚಿದ ತಕ್ಷಣ ನಲ್ಲಿ ಕೆಳಗೆ ಹಿಡಿದು 15 ನಿಮಿಷ ಸೋಪು ಹಾಕಿ ತೊಳೀರಿ. ಖಾರದಪುಡಿ, ಸುಣ್ಣ, ಸೀಮೆಎಣ್ಣೆ, ಅರಿಶಿನ ಒಂದೂ ಬೇಡ. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸೋ ಔಷಧಿ ಇಲ್ಲ. ಅವತ್ತೇ ಆಸ್ಪತ್ರೆಗೆ ಹೋಗಿ, ನಾಲ್ಕೂ ಸೂಜಿ ಮುಗಿಸಿ. ಚೀಟೀಲಿ ಬರೀ ‘ಗಾಯ’ ಅಂತ ಬರೆಸ್ಕೊಂಡು ಬರ್ಬೇಡಿ. ನಾಯಿ ಕಚ್ಚಿದ್ದು, ಸಾಕಿದ್ದೋ ಬೀದೀದೋ, ಎಷ್ಟು ಕಡೆ, ಎಷ್ಟು ಆಳ, ಎಲ್ಲಾ ಬರೆಸಿ. ಪಟ್ಟಿ ಕಟ್ಟೋಕೆ ಮುಂಚೆ ಮೊಬೈಲಲ್ಲಿ ಗಾಯದ ಫೋಟೋ ತೆಗೆಸಿ, ಹಸುವಿನ ಕಿವಿ ಓಲೆಗೆ ತೆಗೆಸಲ್ವಾ ಹಂಗೆ. ಹರಿದ ಸೀರೆ ಒಗೀಬೇಡಿ, ಮಡಿಸಿಡಿ. ಬಸ್ ಟಿಕೆಟ್ಟೂ ಇಡಿ. ಉಚಿತ ಶಕ್ತಿ ಟಿಕೆಟ್ ಆದ್ರೂ ಇಡಿ, ಹೋದ ದಿನಾಂಕ ಅದರಲ್ಲಿರುತ್ತೆ. ನೋಡಿದ ಇಬ್ಬರ ಹೆಸರು ಬರ್ಕೊಳ್ಳಿ. ಅರ್ಜಿ ಕೊಟ್ಟಾಗ ಇನ್ನೊಂದು ಪ್ರತಿ ಮೇಲೆ ಸ್ವೀಕೃತಿ ಸೀಲು ಹಾಕಿಸ್ಕೊಳ್ದೆ ಆಫೀಸಿಂದ ಆಚೆ ಬರ್ಬೇಡಿ.

ಅತ್ತಿಗೆ ಹತ್ರ ಆಸ್ಪತ್ರೆ ಚೀಟಿ ಇನ್ನೂ ಇದೆ, ಬೀರುವಿನ ಸೀರೆ ಕೆಳಗೆ. ಬರೋ ಸೋಮವಾರ ಅವರೂ ನಾನೂ ಚನ್ನರಾಯಪಟ್ಟಣ ಕೋರ್ಟಿಗೆ ಹೋಗ್ತಿದೀವಿ. ಜೊತೆಗೆ ಬರೋರು ಆಧಾರ್ ಜೆರಾಕ್ಸು, ಆಸ್ಪತ್ರೆ ಚೀಟಿ ತಗೊಂಡು ಬಸ್ ಸ್ಟ್ಯಾಂಡ್ ಹತ್ರ ಬೆಳಿಗ್ಗೆ ಹತ್ತಕ್ಕೆ ಬನ್ನಿ.