ವಾದ ನಿಲ್ಲುವ ಕಡೆ
ಗಂಗದೊರೆ ಮಾರಸಿಂಹ ರಾಜ್ಯ ತೊರೆದು, ಸುಮಾರು 974ರಲ್ಲಿ, ಬಂಕಾಪುರದ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ. ತರ್ಕಕ್ಕೆ ಹೆಸರಾದ ಜೈನರ ಈ ನೆಲೆಗೂ ಅವನು ಬಂದದ್ದು ಗುರುವನ್ನು ಅರಸಿ, ವಾದವನ್ನಲ್ಲ. ಶತಮಾನಗಳ ಬಳಿಕ, 1830ರ ದಶಕದ ಕೊನೆಗೆ ಧಾರವಾಡ, ಹುಬ್ಬಳ್ಳಿಯತ್ತ ಬಂದ ಬಾಸೆಲ್ ಮಿಷನ್ನಿನವರು ಎಲ್ಲರ ಪಾಪ ಹೊತ್ತ ಕ್ರಿಸ್ತನನ್ನು ಸಾರಿದರು, ವಿಗ್ರಹಪೂಜೆಯನ್ನು ಖಂಡಿಸಿದರು. ಕರ್ಮವನ್ನು ನಂಬಿ ಬೆಳೆದವನಿಗೆ ಒಬ್ಬರ ಪಾಪವನ್ನು ಇನ್ನೊಬ್ಬರು ಹೊರುವುದು ಹೇಗೆಂಬ ಸಂಶಯ ಸಹಜ. ಅದು ನ್ಯಾಯವಾದ ಪ್ರಶ್ನೆ, ನುಣುಚಿಕೊಳ್ಳದೆ ಉತ್ತರಿಸಲೇಬೇಕು. ಆದರೆ ಕೇಳಿದವನು ಉತ್ತರವನ್ನು ಒಪ್ಪಿಯೂ ಕ್ರಿಸ್ತನನ್ನು ಒಪ್ಪದೆ ಎದ್ದುಹೋಗಬಹುದು, ಅವನನ್ನು ಹಟಮಾರಿ ಎನ್ನುವುದು ತಪ್ಪು. ವಾದದಿಂದಷ್ಟೇ ನಂಬಿಕೆ ಹುಟ್ಟದೆಂಬುದು ಬಾಸೆಲ್ ಮಿಷನ್ನಿನ ಕಿಟೆಲ್‌ರಿಗೆ ತಿಳಿದಿತ್ತೆಂದು ನನಗನ್ನಿಸುತ್ತದೆ. 1862ರ ‘ಕಥಾಮಾಲೆ’ಯಲ್ಲಿ ಅವರು ಖಂಡನೆಗೆ ಇಳಿಯುವ ಬದಲು ಯೇಸುವಿನ ಬದುಕನ್ನೇ ಕನ್ನಡದ ಛಂದಸ್ಸಿನಲ್ಲಿ ಹೇಳಿದರು.