ಎರೆಹುಳಕ್ಕೆ ಸಾವಿದೆ, ನಿಮ್ಮ ಹುಳಕ್ಕಿಲ್ಲ

ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಬಂದರೆ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕಾಯಿಸಿ ಮೀನಿಗೆ ಹುಳ ಎರಕ ಹೊಯ್ಯುವ ಜಾತಿಗೆ ಸೇರಿದವನು ನಾನು. ಹಾಗಾಗಿ ಈ ಬೈಗುಳ ಹೊರಗಿನವರದ್ದಲ್ಲ, ಮನೆಯೊಳಗಿನದೇ. ಗಾಳ ಮುಟ್ಟಿಯೇ ನೋಡದವರು ಬಂದು 'ಮೀನು ಹಿಡಿಯೋದೇ ಹಿಂಸೆ' ಅಂದರೆ ಅದು ಬೇರೆ ಜಗಳ. ನನ್ನ ಜಗಳ ಇರೋದು ನಮ್ಮವರ ಜೊತೆ.

ಗೊತ್ತಿಲ್ಲದವರಿಗೆ ಎರಡು ಮಾತು. ಲಿಕ್ವಿಡ್ ಪ್ಲಾಸ್ಟಿಕ್ ಅಂತ ಡಬ್ಬಿಯಲ್ಲಿ ಬರೋದು ಪ್ಲಾಸ್ಟಿಸಾಲ್. ಪಿವಿಸಿ ಪುಡಿಯನ್ನು ಪ್ಲಾಸ್ಟಿಸೈಜರ್ ಅನ್ನೋ ಎಣ್ಣೆಯಂಥ ದ್ರವದಲ್ಲಿ ಕದಡಿಟ್ಟದ್ದು. ನೋಡೋಕೆ ಹಾಲಿನ ಹಾಗಿರುತ್ತೆ. ಕಾಯಿಸ್ತಾ ಹೋದರೆ ಮೊದಲು ಅಂಬಲಿಯ ಹಾಗೆ ಗಟ್ಟಿಯಾಗಿ, 175 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಿಳಿಯಾಗಿ ಪಾಕದ ಹಾಗೆ ಹರಿಯುತ್ತೆ. ಬಣ್ಣ, ಮಿಂಚುಪುಡಿ, ಮುಳುಗಲಿ ಅಂತ ಒಂದಿಷ್ಟು ಉಪ್ಪು ಬೆರೆಸಿ ಅಲ್ಯೂಮಿನಿಯಂ ಅಚ್ಚಿಗೋ ಸಿಲಿಕೋನ್ ಅಚ್ಚಿಗೋ ಹೊಯ್ದರೆ ಕೆಲವೇ ನಿಮಿಷದಲ್ಲಿ ಬಳುಕುವ ಹುಳ, ಕಪ್ಪೆ, ಮೀನುಮರಿ ಕೈಗೆ ಬರುತ್ತೆ. ಇದೇನೂ ಹೊಸದಲ್ಲ. 1949ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಅನ್ನುವವರು ಮನೆಯಲ್ಲೇ ಪ್ಲಾಸ್ಟಿಕ್ ಹುಳ ಹೊಯ್ದು ಶುರು ಮಾಡಿದ ಕಸುಬು ಇದು. ಅಂದರೆ ಈ ಉದ್ಯಮ ಹುಟ್ಟಿದ್ದೇ ಮನೆಯಲ್ಲಿ. ಅದಕ್ಕೇ ಮನೆಯಲ್ಲಿ ಮಾಡೋದನ್ನ ನಾನು ಸುತರಾಂ ಬೇಡ ಅನ್ನೋದಿಲ್ಲ. ಒಂದು ಹುಳದ ಬಾಲ ಎಷ್ಟು ತೆಳ್ಳಗಿದ್ದರೆ ನಿಧಾನಕ್ಕೆ ಎಳೆದಾಗಲೂ ನಡುಗುತ್ತೆ ಅಂತ ತಿಳಿಯೋಕೆ ಅದನ್ನ ನೀವೇ ಹೊಯ್ಯಬೇಕು.

ಜಗಳ ಶುರುವಾಗೋದು ಆಮೇಲೆ. ಅಂಗಡಿಯಲ್ಲಿ ಕೊಂಡ ಹುಳ ಜೊಂಡಿಗೆ ಸಿಕ್ಕರೆ ಪ್ಯಾಂಟ್ ಮಡಚಿ ನೀರಿಗಿಳಿದು ಬಿಡಿಸಿಕೊಂಡು ಬರ್ತಿದ್ದ ಮನುಷ್ಯ, ತಾನೇ ಮಾಡೋಕೆ ಶುರುಮಾಡಿದ ಮೇಲೆ ದಾರ ಕಿತ್ತು ಬಿಸಾಕ್ತಾನೆ. 'ಬಿಡು ಗುರು, ಮನೇಲಿ ಇನ್ನೂ ಇನ್ನೂರಿದೆ!' ಮಾಗಡಿ ರಸ್ತೆ ಕಡೆಯ ಒಂದು ಕೆರೆಯ ದಡದಲ್ಲಿ ಈ ಮಾತನ್ನ ನಾನು ಒಂದೇ ಬೆಳಿಗ್ಗೆ ಮೂರು ಜನರ ಬಾಯಲ್ಲಿ ಕೇಳಿದೀನಿ. ಮೂವರೂ ಆಫೀಸಿನಲ್ಲಿ ಸ್ಟೀಲ್ ಬಾಟಲಿಯಲ್ಲೇ ನೀರು ಕುಡಿಯೋರು. ಕೊರವ ಮೀನು ಕಚ್ಚಿ ತಲೆ ಹರಿದ ಕಪ್ಪೆಗಳನ್ನ ಬೆರಳಲ್ಲಿ ಚಿಮ್ಮಿ ನೀರಿಗೇ ಹಾಕ್ತಿದ್ರು, ಕಡಲೆಕಾಯಿ ಸಿಪ್ಪೆ ಎಸೆದ ಹಾಗೆ. ಅಗ್ಗ ಅನ್ನೋದು ನಮಗೆ ಕಲಿಸಿದ್ದು ಇಷ್ಟೇನಾ?

ಕಾವೇರಿಯಲ್ಲಿ ಮಹಶೀರ್ ಹಿಡಿಯೋರು ರಾಗಿ ಹಿಟ್ಟಿನ ಉಂಡೆ ಕಟ್ಟಿ ಗಾಳಕ್ಕೆ ಹಾಕ್ತಿದ್ದರು. ದೊಡ್ಡ ಮೀನು ಬರದಿದ್ದರೆ ಸಣ್ಣ ಮೀನು ತಿಂತಿತ್ತು, ಇಲ್ಲ ಕರಗಿ ಹೋಗ್ತಿತ್ತು. ಎರೆಹುಳವಾದರೂ ಅಷ್ಟೇ, ಸತ್ತು ಕೊಳೆತು ಕೆರೆಯ ಲೆಕ್ಕಕ್ಕೆ ಸೇರುತ್ತೆ. ನಮ್ಮ ಹುಳ ಹಾಗಲ್ಲ. ಕೆನಡಾದ ಸಂಶೋಧಕರು ಇಂಥ ಹುಳಗಳನ್ನ ಎರಡು ವರ್ಷ ನೀರಿನಲ್ಲಿಟ್ಟು ನೋಡಿದರು. 2014ರಲ್ಲಿ ಅದು ಪ್ರಕಟವಾಯ್ತು. ಹುಳ ಕೊಳೆಯಲಿಲ್ಲ, ಬದಲಿಗೆ ನೀರು ಕುಡಿದು ಊದಿಕೊಂಡಿತು. ಅದಕ್ಕೂ ಮೊದಲು, 2009ರಲ್ಲಿ, ಅಮೆರಿಕದ ಮೇನ್ ರಾಜ್ಯದಿಂದ ಬಂದ ಇನ್ನೊಂದು ಅಧ್ಯಯನದಲ್ಲಿ ತೊಟ್ಟಿಯ ಟ್ರೌಟ್ ಮೀನುಗಳು ಈ ಪ್ಲಾಸ್ಟಿಕ್ಕನ್ನ ತಾವಾಗೇ ನುಂಗಿದವು. ನುಂಗಿದವು ಸೊರಗಿದವು.

ಕೆನಡಾದವರು ಅಲ್ಲಿನ ಸರೋವರದಲ್ಲಿ ಹಿಡಿದ ಮೀನುಗಳ ಹೊಟ್ಟೆಯಲ್ಲಿ ಇಂಥ ಹುಳ ಸಿಕ್ಕಿದ್ದು ಬಹಳ ಕಡಿಮೆ ಅನ್ನೋದೂ ನಿಜ, ಅದನ್ನ ಮುಚ್ಚಿಡೋದಿಲ್ಲ. ಆದರೆ ಅದು ತಿಳಿನೀರಿನ ದೊಡ್ಡ ಸರೋವರ. ವಾರಕ್ಕೆರಡು ಸಲ ಇಪ್ಪತ್ತು ಮಂದಿ ಒಂದೇ ದಡದಲ್ಲಿ ಸಾಲಾಗಿ ನಿಂತು ಹುಳ ಎಸೆಯೋ ನಮ್ಮೂರ ಕೆರೆಗೆ ಆ ಸಮಾಧಾನವನ್ನ ಹಾಗೇ ತಂದು ಅಂಟಿಸಬೇಡಿ.

'ಊರಿನ ಕೊಳಚೆಯೆಲ್ಲ ಕೆರೆಗೇ ಬೀಳುತ್ತೆ, ಅದರ ಮುಂದೆ ನಮ್ಮ ನಾಲ್ಕು ಹುಳ ಯಾವ ಮಹಾ?' ಇದು ನಮ್ಮವರ ಅಚ್ಚುಮೆಚ್ಚಿನ ವಾದ. ಸ್ವಾಮಿ, ಹಾಲಿನ ಕವರನ್ನ ಮೀನು ಊಟ ಅಂತ ನಂಬಲಿ ಎಂದು ಯಾರೂ ತಯಾರಿಸಿಲ್ಲ. ನೀವು ರಾತ್ರಿ ಒಂದು ಗಂಟೆವರೆಗೆ ಕೂತು ಬೆಳ್ಳುಳ್ಳಿ ವಾಸನೆ ಬೆರೆಸಿ, ಕಣ್ಣು ಅಂಟಿಸಿ ಮಾಡಿದ್ದು ಮೀನು ನಂಬಲಿ ಅಂತಲೇ. ನಂಬಿಸೋ ಕೆಲಸದಲ್ಲಿ ಗೆದ್ದು, ಆಮೇಲೆ 'ಅದು ಬರೀ ಕಸ' ಅನ್ನೋ ಹಾಗಿಲ್ಲ. ಕಾನೂನಿನ ಮಾತೂ ಬೇಡ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಸ್ಟ್ರಾ ಇದೆ, ಚಮಚ ಇದೆ, ಕಿವಿಗೆ ಹಾಕೋ ಕಡ್ಡಿಯೂ ಇದೆ. ಗಾಳದ ಹುಳ ಇಲ್ಲ. ಪಟ್ಟಿಯಲ್ಲಿಲ್ಲ ಅನ್ನೋದೇ ನಿಮ್ಮ ಸಮರ್ಥನೆಯಾದರೆ ಮಾತು ಇಲ್ಲಿಗೇ ಮುಗೀತು.

ನನಗೆ ಹೆಚ್ಚು ಸಿಟ್ಟು ಬರೋದು ಏಕೆ ಗೊತ್ತಾ? ಕೊಂಡು ತರೋನಿಗೆ ಹರಿದ ಹುಳ ಬರೀ ಕಸ. ಮಾಡೋನಿಗೆ ಅದು ಕಚ್ಚಾ ಮಾಲು! ಪ್ಲಾಸ್ಟಿಸಾಲ್ ಕಾಯಿಸಿದರೆ ಮತ್ತೆ ಕರಗುತ್ತೆ. ಹರಿದದ್ದನ್ನ ಡಬ್ಬಿಗೆ ಹಾಕಿ ತನ್ನಿ, ತೊಳೀರಿ, ಗಾಳದ ಚೂರು ಉಳಿದಿದ್ದರೆ ತೆಗೀರಿ, ಕತ್ತರಿಸಿ ಪೂರ್ತಿ ಒಣಗಿಸಿ. ಒಣಗಿಸೋದು ಮಾತ್ರ ತಮಾಷೆಯಲ್ಲ. ಆ ಬಿಸಿಯಲ್ಲಿ ಒಂದು ಹನಿ ನೀರಿದ್ದರೂ ಒಗ್ಗರಣೆಗಿಂತ ಜೋರಾಗಿ ಸಿಡಿದು ಮುಖಕ್ಕೇ ಬರುತ್ತೆ. ಟಿಪಿಇ ಅನ್ನೋ ಹಿಗ್ಗೋ ಜಾತಿಯ ಹುಳ ಇದರ ಜೊತೆ ಸೇರಿಸಬೇಡಿ, ಒಂದೇ ಡಬ್ಬಿಯಲ್ಲಿ ಇಟ್ಟರೂ ಎರಡೂ ಕರಗಿ ಅಂಟಾಗುತ್ತವೆ. ಪದೇ ಪದೇ ಕಾಯಿಸಿದ್ದು ಹಳದಿಗೆ ತಿರುಗುತ್ತೆ, ಅದಕ್ಕೇ ಅದನ್ನ ಕಂದು, ಕಪ್ಪು ಬಣ್ಣಕ್ಕೆ ಇಟ್ಟುಕೊಳ್ಳಿ. ಕೊರವ ಮೀನು ನಿಮ್ಮ ಬಣ್ಣದ ಚಾರ್ಟ್ ನೋಡಿ ಕಚ್ಚೋದಿಲ್ಲ.

ಇದರ ನಡುವೆ ಇನ್ನೊಂದು ಹೇಳಿಬಿಡ್ತೀನಿ. ಅನ್ನ ಬಿಸಿ ಮಾಡೋ ಮೈಕ್ರೋವೇವ್‌ನಲ್ಲೇ ಇದನ್ನ ಕಾಯಿಸೋ ಮಹಾನುಭಾವರಿದ್ದಾರೆ. ಪಿವಿಸಿ ಸೀದರೆ ಬರೋ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತೆ. ತೇವ ತಾಗಿದರೆ ಅದು ಆಸಿಡ್, ನಮ್ಮ ಕಣ್ಣು ಮೂಗಿನಲ್ಲಿ ತೇವಕ್ಕೇನು ಬರ? ಹಳೇ ಮೈಕ್ರೋವೇವ್ ಒಂದನ್ನ ಇದಕ್ಕೇ ಅಂತ ಬಾಲ್ಕನಿಯಲ್ಲಿಡಿ, ಜೊತೆಗೆ ಥರ್ಮಾಮೀಟರ್ ಇಡಿ. ಮಗು ಇರೋ ಮನೆಯ ಅಡುಗೆಮನೆಯಲ್ಲಿ ಇದನ್ನ ಮಾಡ್ತೀನಿ ಅನ್ನೋರ ಹತ್ತಿರ ನಾನು ಕೆರೆಯ ಮಾತು ಆಡೋಕೇ ಹೋಗಲ್ಲ.

ನಾನು ಹೋಗೋ ಗುಂಪಿನಲ್ಲಿ ಈಗ ಒಂದು ನಿಯಮ ತರಬೇಕು ಅಂತ ಹಟ ಹಿಡಿದಿದೀನಿ. ಎಷ್ಟು ಹುಳ ತಂದಿರೋ, ಹರಿದದ್ದೂ ಸೇರಿ ಅಷ್ಟನ್ನ ಎಣಿಸಿ ವಾಪಸ್ ಒಯ್ಯಬೇಕು. ಮೀನು ಕಿತ್ತುಕೊಂಡು ಹೋದದ್ದಕ್ಕೆ ವಿನಾಯ್ತಿ, ಚಿಮ್ಮಿ ಎಸೆದದ್ದಕ್ಕೆ ಇಲ್ಲ. 'ಇದೇನು ಸ್ಕೂಲಾ?' ಅಂತ ಒಬ್ಬರು ಎದ್ದು ಹೋದರು. ಹೋಗಲಿ. ಮುಂದಿನ ಶನಿವಾರ ನನ್ನ ಬಾಲ್ಕನಿಯಲ್ಲಿ ಕಂದು ಬಣ್ಣದ ಎರಕ ಇದೆ. ಹರಿದ ಹುಳ ಎಷ್ಟಿದ್ದರೂ ತನ್ನಿ, ಯಾರು ಮಾಡಿದ್ದಾದರೂ ಸರಿ. ಒಣಗಿಸಿ ತನ್ನಿ.